ಏಳನೆಯ ಅಧ್ಯಾಯ

ಸ್ಟೇನ್‌ವೋರ್,
ನಿನ್ನ ಕಾದಂಬರಿ ಈಗ ನಮ್ಮ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ,
ಚೂಯಿಂಗ್ ಗಮ್ಮಿನ ಪಕ್ಕ, ಕೈಗವಸುಗಳ ಕೆಳಗೆ,
ಹಸಿರು ಉಣ್ಣೆಯ ಹುಳುವಿನ ಗೊಂಬೆಗಳ ಜೊತೆ.
ಗಲ್ಲಾದಲ್ಲಿ ಕೂತವಳು ನಾನೇ.
ಇವತ್ತು ಮೂರು ಮಾರಿದೆ.
ಜರ್ಮನಿಯವನೊಬ್ಬ ಕೇಳಿದ, ಇದೆಲ್ಲ ನಿಜವಾಗಿ ನಡೆದದ್ದೇ?
ಚಿಲ್ಲರೆ ಎಣಿಸುತ್ತ ಹೇಳಿದೆ: ನೀರು ನಿಜ.

ಮೂಲ ಕಥೆ ನಿನ್ನದಲ್ಲ, ನನ್ನದೂ ಅಲ್ಲ,
ಲಾಗರ್‌ಫ್ಲ್ಯೋತಿನ ದಡದಲ್ಲಿ ಹುಟ್ಟಿದವರಿಗೆಲ್ಲ
ಹಾಲಿನ ಜೊತೆ ಕುಡಿಸಿದ್ದು.
ಒಬ್ಬಳು ಹುಡುಗಿ, ಅವಳಿಗೊಂದು ಚಿನ್ನದ ಉಂಗುರ.
ಹುಳುವಿನ ಅಡಿಗಿಟ್ಟರೆ ಚಿನ್ನ ಬೆಳೆಯುತ್ತದೆ ಎಂದಳು ತಾಯಿ.
ಪೆಟ್ಟಿಗೆಯಲ್ಲಿಟ್ಟಳು. ಕೆಲವು ದಿನ ಬಿಟ್ಟು ತೆರೆದರೆ
ಉಂಗುರದ ಕಡೆ ಯಾರು ನೋಡುತ್ತಾರೆ,
ಹುಳು ಬೆಳೆದಿತ್ತು, ಪೆಟ್ಟಿಗೆಯ ಕೀಲು ಬಿರಿಯುವಷ್ಟು.
ಹೆದರಿ ಎರಡನ್ನೂ ನೀರಿಗೆಸೆದಳು.
ನೀರು ಬೇಡ ಎನ್ನಲಿಲ್ಲ.

ನಮ್ಮ ನೀರೇ ಹಾಗೆ.
ಹಿಮನದಿ ಅರೆದು ಕಳಿಸಿದ ಕಲ್ಲಿನ ಹಿಟ್ಟು ಕಲಸಿದ ಬೂದು ನೀರು.
ಕೈ ಅದ್ದಿದರೆ ಬೆರಳು ಕಾಣುವುದಿಲ್ಲ.
ಏನು ಹಾಕಿದರೂ ಮುಚ್ಚಿಕೊಳ್ಳುತ್ತದೆ.

ನಿನ್ನ ಏಳನೆಯ ಅಧ್ಯಾಯದಲ್ಲಿ
ಹತ್ತೊಂಬತ್ತರ ಹುಡುಗ ಮಂಜುಗಡ್ಡೆಯ ಮೇಲೆ ನಡೆಯುತ್ತಾನೆ.
ಬೇರೆ ಹೆಸರಿಟ್ಟಿದ್ದೀಯ, ಸರಿ.
ಕೆಂಪು ಟೊಪ್ಪಿಗೆಯನ್ನು ಮಾತ್ರ ಹಾಗೇ ಬಿಟ್ಟಿದ್ದೀಯ,
ಕಿವಿಯ ಹತ್ತಿರ ನಾನು ತಪ್ಪಾಗಿ ಹಾಕಿದ ಹೆಣಿಗೆಯ ಸಮೇತ.
ಕಾಲಡಿಯಿಂದ ಕೇಳುತ್ತದೆ
ಯಾರೋ ಹಸಿ ತೊಗಲು ಎಳೆದುಕೊಂಡು ಹೋಗುವ ಸದ್ದು.
ಅವನು ನಿಂತರೆ ಅದೂ ನಿಲ್ಲುತ್ತದೆ.
ಮೊಣಕಾಲೂರಿ ಹಿಮ ಒರೆಸಿ ನೋಡಿದರೆ
ಕೆಳಗೊಂದು ಕಣ್ಣು, ಊಟದ ತಟ್ಟೆಯಗಲ,
ಸುತ್ತ ಚಿನ್ನದ ಸಣ್ಣ ಗೆರೆ.
ಆಮೇಲೆ ನಾಲ್ಕು ಪುಟ. ಚೆನ್ನಾಗಿ ಬರೆಯುತ್ತೀಯ.
ಓದಿ ದೀಪ ಆರಿಸದೆ ಮಲಗಿದೆ.

ಊರವರು ಬಂದು ನನ್ನ ಪರವಾಗಿ ಸಿಟ್ಟಾಗುತ್ತಾರೆ.
ಕೇಸು ಹಾಕು ಎನ್ನುತ್ತಾನೆ ಪಶುವೈದ್ಯ ಅರ್ನ್‌ಗ್ರಿಮುರ್.
ನಾನೇ ಅವಳ ಜೊತೆ ಮಾತಾಡುತ್ತೇನೆ ಎಂದಳು ಪಾದ್ರಿ.
ಕಾಫಿ ಬಗ್ಗಿಸಿ ಕೊಟ್ಟು ಸುಮ್ಮನಿದ್ದೆ.

ನಿಜದ ಏಳನೆಯ ಅಧ್ಯಾಯದಲ್ಲಿ, ಸ್ಟೇನ್‌ವೋರ್,
ಸದ್ದೇ ಇಲ್ಲ.
ಮಾರ್ಚಿನ ಮಧ್ಯಾಹ್ನ. ಆಚೆ ದಡದಲ್ಲಿ ತಪ್ಪಿಸಿಕೊಂಡ ಎರಡು ಕುರಿ.
ರಸ್ತೆ ಸುತ್ತಿ ಹೋದರೆ ನಲವತ್ತು ನಿಮಿಷ.
ಬೂಟಿನ ದಾರ ಕಟ್ಟುತ್ತ ಹ್ಯಾಲ್ಟಿ ಕೇಳಿದ:
ಅಕ್ಕಾ, ಮಂಜುಗಡ್ಡೆ ಎಷ್ಟು ದಪ್ಪ ಇದೆ?
ನಾನು ಫೋನಿನಲ್ಲಿ ನಗುತ್ತಿದ್ದೆ. ತಿರುಗದೆ ಹೇಳಿದೆ:
ಒಂದು ಗೇಣು. ಬೆಳಿಗ್ಗೆ ಕೊರೆದು ನೋಡಿದ್ದೇನೆ.

ಕೊರೆದಿರಲಿಲ್ಲ.

ಅಷ್ಟೇ. ಉಂಗುರದಷ್ಟು ಚಿಕ್ಕ ಮಾತು.
ಪೊಲೀಸರಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಲಿಲ್ಲ,
ಮುಳುಗುತಜ್ಞರು ಟೊಪ್ಪಿಗೆಯೊಂದನ್ನೇ ತಂದು
ಮೇಜಿನ ಮೇಲೆ ಹಿಂಡದೆ ಇಟ್ಟಾಗಲೂ.
ಹನ್ನೊಂದು ವರ್ಷ.
ಕೀಲು ಬಿರಿಯುವುದು ಕೆಲವು ರಾತ್ರಿ
ನನಗೊಬ್ಬಳಿಗೇ ಕೇಳುತ್ತದೆ.

ನಿನ್ನ ಹುಳುವಿಗೆ ಹಲ್ಲಿದೆ, ಹಸಿವಿದೆ,
ಮುನ್ನೂರು ಪುಟ ದಾಟಿದರೆ ಸಾವೂ ಇದೆ.
ಅದನ್ನು ದ್ವೇಷಿಸಬಹುದು,
ಹತ್ತು ಜನ ಸೇರಿ ದೊಂದಿ ಹಿಡಿದು ಹೋಗಬಹುದು.
ನಿನ್ನ ಕಥೆಯ ಹುಡುಗನಿಗೂ ಒಬ್ಬ ಅಕ್ಕ.
ದಡದಲ್ಲಿ ನಿಂತು ಕೂಗುತ್ತಾಳೆ, ಹೋಗಬೇಡ, ಹೋಗಬೇಡ,
ಗಂಟಲು ಹರಿಯುವ ಹಾಗೆ.
ಆ ಸಾಲನ್ನು ಎಷ್ಟು ಸಲ ಓದಿದೆನೆಂದರೆ
ಪುಸ್ತಕ ತಾನಾಗಿ ಅಲ್ಲೇ ತೆರೆದುಕೊಳ್ಳುತ್ತದೆ.

ಯಾರು ಹೇಳಿದರು ನಿನಗೆ, ನಾನು ಕೂಗಿದೆನೆಂದು?
ನಾನೇ ಹೇಳಿದ್ದೆನೇ,
ಆ ಚಳಿಗಾಲ, ನಿನ್ನ ಅಡುಗೆಮನೆಯಲ್ಲಿ,
ಪೆನ್ಸಿಲ್ಲಿನಲ್ಲಿ ನೀನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ?
ನನ್ನ ತಲೆಗೆ ಹುಳ ಬಿಟ್ಟವಳು ನೀನೋ
ನಿನ್ನ ತಲೆಗೆ ಬಿಟ್ಟವಳು ನಾನೋ,
ಈಗ ತಿಳಿಯುವುದಿಲ್ಲ.

ನಾಳೆ ಇನ್ನೂ ಇಪ್ಪತ್ತು ಪ್ರತಿ ಬರುತ್ತವೆ, ಬೆಲೆಚೀಟಿ ಅಂಟಿಸಬೇಕು.
ಕರಗುವ ಕಾಲ. ಕಿಟಕಿಯಾಚೆ ಮಧ್ಯನೀರಿನಲ್ಲಿ
ಏನೋ ಬೆನ್ನೆತ್ತಿದ ಹಾಗೆ.
ಪ್ರವಾಸಿಗಳು ಫೋನು ಹಿಡಿದು ಹೊರಗೆ ಓಡುತ್ತಾರೆ.
ನಾನು ಗಲ್ಲಾ ಬಿಟ್ಟು ಏಳುವುದಿಲ್ಲ.
ಹೆಬ್ಬೆರಳು ಕಿರುಬೆರಳು ಚಾಚಿ
ಗಾಜಿಗೆ ಒತ್ತಿ ಅಳೆಯುತ್ತೇನೆ:

ಒಂದು ಗೇಣು.
ಹೋದ ವರ್ಷ ಬೆರಳಷ್ಟಿತ್ತು.